ಅಂಕ ಚಿತ್ರಕ್ಕೆ, ಮಾತು ತೆಗೆದವರಿಗೆ

ಪ್ರಶ್ನೆ: ನಾನು ಹಾಸನದಲ್ಲಿ ಹೈಸ್ಕೂಲ್ ಮೇಷ್ಟ್ರು. ನಮ್ಮದೊಂದು ಸಣ್ಣ ಕ್ಯಾಮೆರಾ ಕ್ಲಬ್ ಇದೆ. ಡಾಕ್ಟರುಗಳು, ಸಕಲೇಶಪುರ ಕಡೆಯ ತೋಟದವರು, ಬ್ಯಾಂಕಿನವರು, ಕಾಲೇಜು ಹುಡುಗರು ಎಲ್ಲ ಇದ್ದಾರೆ. ತಿಂಗಳಿಗೊಂದು ಸ್ಪರ್ಧೆ ನಡೆಸುತ್ತೇವೆ. ಇಷ್ಟು ದಿನ ಹೊರಗಿನಿಂದ ತೀರ್ಪುಗಾರರನ್ನು ಕರೆಸುತ್ತಿದ್ದೆವು. ಹಿಂದಿನ ಸಲ ಬಂದವರು ನಮ್ಮ ಹಿರಿಯ ಸದಸ್ಯರೊಬ್ಬರ ಶೆಟ್ಟಿಹಳ್ಳಿ ಚರ್ಚಿನ ಚಿತ್ರಕ್ಕೆ ಹತ್ತಕ್ಕೆ ಮೂರು ಕೊಟ್ಟು, "ಇದನ್ನು ಸಾವಿರ ಸಲ ನೋಡಿದ್ದೀನಿ, ಮುಂದಕ್ಕೆ ಹೋಗೋಣ" ಅಂದುಬಿಟ್ಟರು. ಆ ಹಿರಿಯರು ಆಮೇಲೆ ಕ್ಲಬ್ಬಿನ ಕಡೆ ತಲೆ ಹಾಕಿಲ್ಲ. ಈಗ ಸಮಿತಿಯವರು ಈ ಸಲ ನೀನೇ ಕೂತ್ಕೋ ಎಂದು ನನ್ನ ಬೆನ್ನು ಹತ್ತಿದ್ದಾರೆ. ನಾನು ಒಂದು ಸಲವೂ ಮೊದಲ ಬಹುಮಾನ ಪಡೆದವನಲ್ಲ. ಚಿತ್ರವನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಪಾಲು ಮಾಡಿ ಮುಖ್ಯವಾದದ್ದನ್ನು ಆ ಗೆರೆಗಳ ಮೇಲಿಡಬೇಕೆನ್ನುವ ರೂಲ್ ಆಫ್ ಥರ್ಡ್ಸ್ ಪಾಲಿಸದ ಚಿತ್ರಕ್ಕೆ ಅಂಕ ಕಳೆಯಬೇಕೇ? ಎಡಿಟ್ ಮಾಡಿದ್ದನ್ನು ಒಪ್ಪಬೇಕೇ? ಹಕ್ಕಿ, ಕಪ್ಪೆಗಳ ಚಿತ್ರ ನಿಜವೋ ಹೊಂದಿಸಿ ತೆಗೆದದ್ದೋ ಎಂದು ಹೇಗೆ ತಿಳಿಯುವುದು? ಎಲ್ಲರೂ ದಿನಾ ಮುಖ ನೋಡುವವರು. ಖಡಕ್ಕಾಗಿ ಹೇಳಿದರೆ ಮನಸ್ಸು ಮುರಿಯುತ್ತದೆ, ಹೊಗಳಿ ಬಿಟ್ಟರೆ ಸ್ಪರ್ಧೆಯೇ ಯಾಕೆ ಅನ್ನಿಸುತ್ತದೆ. ದಾರಿ ತೋರಿಸಿ.

ಉತ್ತರ: ಮೇಷ್ಟ್ರೇ, ನೀವು ಕೇಳಿರುವುದು ನಾಲ್ಕಾರು ಪ್ರಶ್ನೆಯಾದರೂ ಒಳಗಿರುವ ಅಳುಕು ಒಂದೇ. ಪರಿಚಯದವರ ಎದುರು, ಅವರಿಗಿಂತ ದೊಡ್ಡದೇನೂ ಸಾಧಿಸದ ನಾನು, ಅವರ ಚಿತ್ರಕ್ಕೆ ಹೇಗೆ ಬೆಲೆ ಕಟ್ಟಲಿ ಎನ್ನುವುದು. ಅದಕ್ಕೆ ಉತ್ತರ ಹುಡುಕುವ ಮುಂಚೆ ಒಂದು ಗಂಟು ಬಿಡಿಸಬೇಕು.

ಸ್ಪರ್ಧೆಯಲ್ಲಿ ತೀರ್ಪುಗಾರನ ಕೆಲಸ ಒಂದಲ್ಲ, ಎರಡು. ಬಂದಿರುವ ಚಿತ್ರಗಳಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಎಂದು ಆ ಸಂಜೆಯ ಮಟ್ಟಿಗೆ ತೀರ್ಮಾನಿಸುವುದು ಒಂದು ಕೆಲಸ. ತೆಗೆದವರಿಗೆ ಮುಂದಿನ ಚಿತ್ರಕ್ಕೆ ಉಪಯೋಗಕ್ಕೆ ಬರುವಂಥ ನಾಲ್ಕು ಮಾತು ಹೇಳುವುದು ಬೇರೆಯೇ ಕೆಲಸ. ನಮ್ಮ ಕ್ಲಬ್ಬುಗಳಲ್ಲಿ ಎರಡನ್ನೂ ಒಂದೇ ಉಸಿರಿಗೆ ಮಾಡಿಸುತ್ತಾರೆ. ಚಿತ್ರ ಪರದೆ ಮೇಲೆ ಬರುತ್ತದೆ, ತೀರ್ಪುಗಾರರು "ಮೂರು" ಅನ್ನುತ್ತಾರೆ, ಆಮೇಲೆ ಆಡುವ ಮಾತೆಲ್ಲ ಆ ಮೂರನ್ನು ಸಮರ್ಥಿಸಿಕೊಳ್ಳುವ ವಕಾಲತ್ತಾಗುತ್ತದೆ. ಕೂತು ಕೇಳುವವರಿಗೂ ಮೂರು ಎಂಬ ಶಬ್ದ ಬಿಟ್ಟು ಬೇರೇನೂ ಕಿವಿಗೆ ಬೀಳುವುದಿಲ್ಲ. ಹಾಗಾಗಿ ನನ್ನ ಮೊದಲ ಸಲಹೆ: ಅಂಕವನ್ನು ಬಾಯಲ್ಲಿ ಹೇಳಲೇಬೇಡಿ. ಚೀಟಿಯಲ್ಲಿ ಬರೆದು ಕೊಡಿ, ಕಾರ್ಯದರ್ಶಿ ಕೂಡಿಸಿಕೊಳ್ಳಲಿ. ಚಹಾ ಆದಮೇಲೆ ಚಿತ್ರಗಳನ್ನು ಮತ್ತೆ ಹಾಕಿಸಿ, ಆಗ ಮಾತಾಡಿ. ಫಲಿತಾಂಶ ಕೊನೆಗೆ. ಇಷ್ಟು ಮಾಡಿದರೇ ನಿಮ್ಮ ಅರ್ಧ ಕಷ್ಟ ಕಳೆಯುತ್ತದೆ.

ಇನ್ನು, ಬಹುಮಾನ ಗೆಲ್ಲದವನು ತೀರ್ಪು ಕೊಡಬಹುದೇ ಎಂಬ ಮಾತು. ಧಾರಾಳವಾಗಿ ಕೊಡಬಹುದು. ಗೆದ್ದು ಹೆಸರಾದವರು ಎಷ್ಟೋ ಸಲ ಕೆಟ್ಟ ತೀರ್ಪುಗಾರರಾಗುವುದನ್ನು ನಾನು ಪಕ್ಕದ ಕುರ್ಚಿಯಲ್ಲೇ ಕೂತು ಕಂಡಿದ್ದೇನೆ. ಅವರಿಗೆ ತಮ್ಮ ರುಚಿ ಗಟ್ಟಿಯಾಗಿಬಿಟ್ಟಿರುತ್ತದೆ. ಕಡುನೆರಳಿನ ಕಪ್ಪು ಬಿಳುಪು ಚಿತ್ರ ತೆಗೆದು ಹೆಸರು ಮಾಡಿದವರಿಗೆ, ಹೂಮಳೆ ಬಿದ್ದ ಮೇಲೆ ಬೆಳ್ಳಗೆ ಅರಳಿದ ಕಾಫಿ ತೋಟದ ತಿಳಿಯಾದ ಚಿತ್ರ ಪೇಲವವಾಗಿ ಕಾಣುತ್ತದೆ. ನಿಮಗೆ ಬೇಕಾಗಿರುವುದು ಬಹಳ ಚಿತ್ರ ನೋಡಿ ಪಳಗಿದ ಕಣ್ಣು, ಜೊತೆಗೆ ತಾಂತ್ರಿಕ ತಪ್ಪುಗಳನ್ನು ಒಂದರಿಂದ ಒಂದು ಬೇರೆ ಮಾಡಿ ಗುರುತಿಸುವ ತಿಳಿವಳಿಕೆ. "ಶಾರ್ಪ್ ಇಲ್ಲ" ಎಂದು ಒಂದೇ ಮಾತಿನಲ್ಲಿ ಮುಗಿಸಬಾರದು. ಚಿತ್ರವೆಲ್ಲ ಒಂದೇ ದಿಕ್ಕಿಗೆ ಎಳೆದ ಹಾಗಿದ್ದರೆ ಕೈ ಅಲುಗಿದೆ. ಹಿಂದಿನ ಎಲೆ ಸ್ಪಷ್ಟವಾಗಿದ್ದು ಹಕ್ಕಿಯ ಕಣ್ಣು ಮಸುಕಾಗಿದ್ದರೆ ಫೋಕಸ್ ತಪ್ಪಿದೆ. ಕೊಂಬೆ ಸ್ಪಷ್ಟ, ರೆಕ್ಕೆ ಮಾತ್ರ ಮಸುಕು ಎಂದರೆ ಶಟರ್ ವೇಗ ಸಾಲದು, ಅಥವಾ ಬೇಕೆಂದೇ ಹಾಗೆ ತೆಗೆದಿದ್ದಾರೆ. ಬೆಟ್ಟದ ಅಂಚಿಗೆ ಬಿಳಿ ಗೆರೆ ಎಳೆದಂತಿದ್ದರೆ ಕಂಪ್ಯೂಟರಿನಲ್ಲಿ ಶಾರ್ಪನಿಂಗ್ ಮಿತಿ ಮೀರಿದೆ. ಈ ನಾಲ್ಕಕ್ಕೂ ಪರಿಹಾರ ಬೇರೆ ಬೇರೆ. ಯಾವುದೆಂದು ಬಿಡಿಸಿ ಹೇಳಿದರೆ ಹುಡುಗರು ಮುಂದಿನ ವಾರವೇ ತಿದ್ದಿಕೊಳ್ಳುತ್ತಾರೆ.

ಪಾಠ ಮಾಡುವವರಿಗೆ ಒಂದು ಅಭ್ಯಾಸ ಇರುತ್ತದೆ, ಅದರ ಬಗ್ಗೆ ಎಚ್ಚರ. ಎಸ್ಸೆಸ್ಸೆಲ್ಸಿ ಮೌಲ್ಯಮಾಪನಕ್ಕೆ ಹೋದಾಗ ಕೈಗೆ ಮಾದರಿ ಉತ್ತರ ಕೊಟ್ಟಿರುತ್ತಾರೆ, ಅದರ ಜೊತೆ ಹೋಲಿಸಿ ಅಂಕ ಹಾಕುತ್ತೀರಿ. ಇಲ್ಲಿ ಮಾದರಿ ಉತ್ತರ ಇಲ್ಲ. ಇಲ್ಲದ ಮಾದರಿ ಉತ್ತರವನ್ನು ಇದೆ ಎಂದು ಭಾವಿಸಿದಾಗ ಹುಟ್ಟುವುದೇ ರೂಲ್ ಆಫ್ ಥರ್ಡ್ಸ್ ತಪ್ಪಿದ್ದಕ್ಕೆ ಅಂಕ ಕಳೆಯುವ ಪದ್ಧತಿ. ಆ ಹೆಸರಿಟ್ಟವರು 1797ರಲ್ಲಿ ಇಂಗ್ಲೆಂಡಿನ ಜಾನ್ ಥಾಮಸ್ ಸ್ಮಿತ್ ಎಂಬ ಚಿತ್ರಕಾರರು. ಆಗ ಕ್ಯಾಮೆರಾ ಫೋಟೋ ಎಂಬುದೇ ಹುಟ್ಟಿರಲಿಲ್ಲ. ನಿಸರ್ಗದೃಶ್ಯ ಬರೆಯುವವರು ಬೆಳಕು, ನೆರಳು, ನೆಲ, ಆಕಾಶಗಳನ್ನು ಸಮ ಪಾಲು ಮಾಡದೆ ಮೂರರಲ್ಲಿ ಒಂದು, ಮೂರರಲ್ಲಿ ಎರಡು ಎಂದು ಹಂಚಿದರೆ ಕಣ್ಣಿಗೆ ಹಿತ ಎಂದು ಅವರು ಹೇಳಿದ್ದು. ಅದು ಒಂದು ಸಲಹೆ. ಸಖರಾಯಪಟ್ಟಣದ ಅಯ್ಯನಕೆರೆಯಲ್ಲಿ ಗಾಳಿ ಇಲ್ಲದ ಬೆಳಗ್ಗೆ ಶಕುನಗಿರಿ ನೀರಿನಲ್ಲಿ ಪೂರ್ತಿ ಮೂಡಿರುವಾಗ ದಡದ ಗೆರೆ ಚಿತ್ರದ ಸರಿಮಧ್ಯದಲ್ಲೇ ಇರಬೇಕು. ಅದನ್ನು ಮೂರನೇ ಒಂದಕ್ಕೆ ಸರಿಸಿದರೆ ಪ್ರತಿಬಿಂಬ ಕತ್ತರಿಸುತ್ತದೆ. ನಿಯಮ ಪಾಲಿಸಿದ್ದಾರೋ ಇಲ್ಲವೋ ಎಂದು ನೋಡಬೇಡಿ. ಇಟ್ಟಿರುವ ಜಾಗ ಚಿತ್ರಕ್ಕೆ ಕೆಲಸ ಮಾಡುತ್ತಿದೆಯೋ ಇಲ್ಲವೋ ನೋಡಿ.

ಇದೇ ಕಾರಣಕ್ಕೆ "ತಾಂತ್ರಿಕತೆಗೆ ಹತ್ತು, ಸಂಯೋಜನೆಗೆ ಹತ್ತು, ಬಣ್ಣಕ್ಕೆ ಹತ್ತು" ಎಂದು ಗೆರೆ ಹಾಕಿದ ಅಂಕಪಟ್ಟಿಗಳ ಮೇಲೆ ನನಗೆ ನಂಬಿಕೆ ಇಲ್ಲ. ನೋಡಲು ನ್ಯಾಯವಾಗಿ ಕಾಣುತ್ತವೆ. ಆದರೆ ಒಂದೂ ತಪ್ಪಿಲ್ಲದ, ಒಂದೂ ವಿಶೇಷವಿಲ್ಲದ ಚಿತ್ರ ಎಲ್ಲ ಕಲಮಿನಲ್ಲೂ ಏಳು ಏಳು ಗಳಿಸಿ ಮೇಲೆ ಬಂದು ಕೂರುತ್ತದೆ. ಜಾತ್ರೆಯ ನೂಕಿನಲ್ಲಿ ಸ್ವಲ್ಪ ಅಲುಗಿದ, ಆದರೆ ತೇರಿನ ಹಗ್ಗ ಹಿಡಿದವರ ಬಿಗಿ ಪೂರ್ತಿ ಸಿಕ್ಕಿದ ಚಿತ್ರ ತಾಂತ್ರಿಕತೆಯಲ್ಲಿ ಮುಗ್ಗರಿಸಿ ಕೆಳಗೆ ಹೋಗುತ್ತದೆ. ಒಟ್ಟು ಚಿತ್ರಕ್ಕೆ ಒಂದೇ ಅಂಕ ಇರಲಿ. ಕಾರಣ ಮಾತಿನಲ್ಲಿ ಬರಲಿ.

ಅಂಕ ಎಂಬುದು ಎಷ್ಟು ಅಲುಗಾಡುವ ಸಂಗತಿ ಎಂದು ಕ್ಲಬ್ಬಿನವರಿಗೆ ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ತೀರ್ಪುಗಾರ ಪಕ್ಷಪಾತ ಮಾಡಿದ ಎನ್ನುವ ದೂರುಗಳಲ್ಲಿ ಬಹುಪಾಲಿಗೆ ಕಾರಣ ಪಕ್ಷಪಾತವಲ್ಲ, ಇದು. ಮೊದಲು ಬಂದ ಐದಾರು ಚಿತ್ರಗಳಿಗೆ ಕೈ ಬಿಗಿ ಇರುತ್ತದೆ, ಮುಂದೆ ಇನ್ನೂ ಒಳ್ಳೆಯದು ಬರಬಹುದೆಂದು ಎಲ್ಲರೂ ಅಂಕ ಉಳಿಸಿಕೊಳ್ಳುತ್ತಾರೆ. ಒಂದು ಅದ್ಭುತ ಚಿತ್ರದ ಹಿಂದೆ ಬಂದ ಸಾಧಾರಣ ಚಿತ್ರ ಇನ್ನಷ್ಟು ಸಪ್ಪೆಯಾಗುತ್ತದೆ, ಮೂರು ಕೆಟ್ಟ ಚಿತ್ರಗಳ ಹಿಂದೆ ಬಂದರೆ ಅದೇ ಚಿತ್ರ ಮಿಂಚುತ್ತದೆ. ಹುಲಿ ಬಂದರೆ ಹುಲಿಗೇ ಅಂಕ ಬೀಳುತ್ತದೆ, ಬೆಳಕು ಹೇಗಿದೆ ಎಂದು ಯಾರೂ ನೋಡುವುದಿಲ್ಲ. ಹಾಸನ, ಚಿಕ್ಕಮಗಳೂರು ಎಂಬ ನಮ್ಮ ಎರಡು ಜಿಲ್ಲೆಗಳಿಗೇ ವಿಶೇಷವಾದ ಒಂದು ತೊಡಕೂ ಇದೆ. ಬೇಲೂರಿನ ಮದನಿಕೆಯ ಚಿತ್ರ ಪರದೆಗೆ ಬಂದರೆ ಸಭೆಯೇ ಆಹಾ ಅನ್ನುತ್ತದೆ. ಆ ಆಹಾ ಸಲ್ಲಬೇಕಾದದ್ದು 900 ವರ್ಷದ ಹಿಂದೆ ಉಳಿ ಹಿಡಿದವನಿಗೆ. ಚಿತ್ರ ತೆಗೆದವರು ಅದಕ್ಕೆ ಏನು ಸೇರಿಸಿದರು ಎಂದು ನೀವು ಕೇಳಿಕೊಳ್ಳಬೇಕು. ಬಳಪದ ಕಲ್ಲು ಕಪ್ಪು, ನುಣುಪು. ನೇರ ಫ್ಲ್ಯಾಷ್ ಬಿದ್ದರೆ ಕೆತ್ತನೆಯ ಆಳವೆಲ್ಲ ಸತ್ತು ಚಪ್ಪಟೆಯಾಗುತ್ತದೆ. ಓರೆಯಾಗಿ ಬರುವ ಬೆಳಕಿಗೆ ಕಾದು, ಸರಿಗೆಯ ಒಂದೊಂದು ಎಳೆಯೂ ನೆರಳು ಚೆಲ್ಲುವ ಹೊತ್ತಿನಲ್ಲಿ ತೆಗೆದಿದ್ದರೆ ಅದು ಛಾಯಾಗ್ರಾಹಕನ ಕೆಲಸ. ಹಳೇಬೀಡಿನ ಪಶ್ಚಿಮ ಗೋಡೆಯನ್ನು ಬೆಳಗ್ಗೆ ಹತ್ತಕ್ಕೆ ತೆಗೆದು ತಂದರೆ ಸಂಜೆ ಹೋಗಿ ಎಂದು ಹೇಳುವುದಷ್ಟೇ ಸಾಕು, ಅದು ಆ ತಿಂಗಳ ಅತ್ಯುತ್ತಮ ವಿಮರ್ಶೆಯಾಗುತ್ತದೆ.

ಇದಕ್ಕೆಲ್ಲ ಮದ್ದು ಕಷ್ಟದ್ದೇನಲ್ಲ. ಅಂಕ ಹಾಕುವ ಮುಂಚೆ ಎಲ್ಲ ಚಿತ್ರಗಳನ್ನೂ ಒಂದೊಂದು ಮೂರು ನಾಲ್ಕು ಸೆಕೆಂಡಿನಂತೆ ಒಂದು ಸುತ್ತು ಓಡಿಸಿ. ಆ ತಿಂಗಳ ಮಟ್ಟ ಎಲ್ಲಿದೆ ಎಂದು ಗೊತ್ತಾಗುತ್ತದೆ. ಎರಡನೇ ಸುತ್ತಿನಲ್ಲಿ ಅಂಕ. ಮೇಲೆ ಬಂದ ಹತ್ತು ಚಿತ್ರಗಳನ್ನು ಮೂರನೇ ಸಲ ಅಕ್ಕಪಕ್ಕ ಇಟ್ಟು ನೋಡಿ ಸ್ಥಾನ ತೀರ್ಮಾನಿಸಿ. ಹೆಸರು ಯಾವ ಹಂತದಲ್ಲೂ ಕಾಣಬಾರದು. ಮೂಲೆಯಲ್ಲಿ ವಾಟರ್‌ಮಾರ್ಕ್ ಹಾಕಿ ಕಳಿಸುವವರಿಗೆ ಮೊದಲೇ ಬೇಡ ಎಂದು ತಿಳಿಸಿರಬೇಕು.

ಮೂವರು ತೀರ್ಪುಗಾರರಿದ್ದರೆ ಸರಾಸರಿಯಲ್ಲಿ ಎಲ್ಲ ಸರಿಹೋಗುತ್ತದೆ ಎಂಬುದು ಇನ್ನೊಂದು ನಂಬಿಕೆ. ಲೆಕ್ಕ ನೋಡಿ. ಇಬ್ಬರು ತೀರ್ಪುಗಾರರು ಮೊದಲ ಚಿತ್ರಕ್ಕೆ 7, ಎರಡನೆಯದಕ್ಕೆ 6 ಕೊಟ್ಟರು. ಮೂರನೆಯವರು ಧಾರಾಳದ ಕೈ, ಕಠಿಣವೂ ಹೌದು, ಮೊದಲನೆಯದಕ್ಕೆ 4, ಎರಡನೆಯದಕ್ಕೆ 9 ಕೊಟ್ಟರು. ಮೊದಲ ಚಿತ್ರಕ್ಕೆ ಒಟ್ಟು 18, ಎರಡನೆಯದಕ್ಕೆ 21. ಮೂವರಲ್ಲಿ ಇಬ್ಬರು ಮೆಚ್ಚಿದ ಚಿತ್ರ ಸೋತಿತು. ಯಾರೂ ಮೋಸ ಮಾಡಲಿಲ್ಲ. ಆರು ಏಳರ ನಡುವೆಯೇ ಓಡಾಡಿದ ಇಬ್ಬರ ಮಾತಿಗಿಂತ ಅಂಕವನ್ನು ಉದ್ದಕ್ಕೆ ಹರಡಿದ ಒಬ್ಬರ ಮಾತು ಭಾರವಾಯಿತು, ಅಷ್ಟೆ. ಆದ್ದರಿಂದ ಶುರುವಿಗೆ ಮುಂಚೆ ಹಳೆಯ ನಾಲ್ಕು ಚಿತ್ರ ಹಾಕಿ, ಮೂವರೂ ಅಂಕ ಕೊಟ್ಟು ಹೋಲಿಸಿಕೊಳ್ಳಿ. ನಮ್ಮ ಕ್ಲಬ್ಬಿನ ಸಾಧಾರಣ ಚಿತ್ರಕ್ಕೆ ಐದು, ಮೂರರಿಂದ ಒಂಬತ್ತರವರೆಗೂ ಎಲ್ಲರೂ ಬಳಸೋಣ ಎಂದು ಮಾತಾಡಿಕೊಳ್ಳಿ. ಕೊನೆಯ ಹತ್ತಕ್ಕೆ ಅಂಕ ಬಿಟ್ಟು ಒಂದನೆಯದು, ಎರಡನೆಯದು ಎಂದು ಸ್ಥಾನ ಬರೆದರೆ ಇನ್ನೂ ಒಳ್ಳೆಯದು.

ಪ್ರೊಜೆಕ್ಟರ್ ಬಗ್ಗೆಯೂ ಹೇಳಿಬಿಡುತ್ತೇನೆ, ಯಾಕೆಂದರೆ ತೀರ್ಪುಗಾರನ ಹೆಸರು ಕೆಡಿಸುವುದರಲ್ಲಿ ಇದರ ಪಾಲು ದೊಡ್ಡದು. ಮನೆಯ ಮಾನಿಟರಿನಲ್ಲಿ ನೆರಳಿನೊಳಗೆ ಕಾಣುತ್ತಿದ್ದ ವಿವರ ಕಲ್ಯಾಣಮಂಟಪದ ಬಿಳಿ ಗೋಡೆಯ ಮೇಲೆ ಕರ್ರಗಾಗುತ್ತದೆ. ಕಪ್ಪಿನಿಂದ ಬಿಳಿಗೆ ಮೆಟ್ಟಿಲು ಮೆಟ್ಟಿಲಾಗಿ ಹೋಗುವ ಬೂದು ಪಟ್ಟಿಯ ಚಿತ್ರವೊಂದನ್ನು ಮೊದಲು ಹಾಕಿ. ಎರಡು ತುದಿಯಲ್ಲೂ ಮೆಟ್ಟಿಲುಗಳು ಬೇರೆ ಬೇರೆಯಾಗಿ ಕಾಣುವ ತನಕ ಕಿಟಕಿ ಮುಚ್ಚಿಸಿ, ಬ್ರೈಟ್‌ನೆಸ್ ಸರಿಮಾಡಿ. ಎಲ್ಲರೂ ಸಾಮಾನ್ಯ ಪರದೆಗಳು ಬಳಸುವ ಬಣ್ಣದ ಮಾನಕವಾದ ಎಸ್‌ಆರ್‌ಜಿಬಿಯಲ್ಲೇ ಕಳಿಸಲಿ. ಅಡೋಬಿ ಆರ್‌ಜಿಬಿ ಎಂಬ ಬೇರೆ ಮಾನಕದಲ್ಲಿ ಉಳಿಸಿದ ಮಲೆನಾಡಿನ ಹಸಿರು ಸಾಧಾರಣ ಸಾಫ್ಟ್‌ವೇರಿನಲ್ಲಿ ಒಣಗಿದ ಹುಲ್ಲಿನ ಬಣ್ಣಕ್ಕೆ ಬರುತ್ತದೆ. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಕುಗ್ಗಿಸುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಈಗ ಶೆಟ್ಟಿಹಳ್ಳಿಗೆ ಬರೋಣ. "ಸಾವಿರ ಸಲ ನೋಡಿದ್ದೀನಿ" ಎನ್ನುವುದು ತೀರ್ಪುಗಾರನ ಜೀವನದ ಬಗ್ಗೆ ಒಂದು ಮಾಹಿತಿ, ಚಿತ್ರದ ಬಗ್ಗೆ ಏನೂ ಅಲ್ಲ. ಹಾಗಂತ ಹೊಸತನಕ್ಕೆ ಬೆಲೆ ಇಲ್ಲ ಎನ್ನುತ್ತಿಲ್ಲ. 19ನೇ ಶತಮಾನದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿದ ಆ ಚರ್ಚು ಹೇಮಾವತಿ ಜಲಾಶಯ ತುಂಬಿದಾಗ ಅರ್ಧ ಮುಳುಗಿ, ಬೇಸಿಗೆಯಲ್ಲಿ ಕಾಲೂರಿ ನಡೆದು ಹೋಗುವಂತಾಗುತ್ತದೆ. ವಾರಾಂತ್ಯಕ್ಕೆ ಬರುವವರೆಲ್ಲ ಅದೇ ದಡದಲ್ಲಿ ನಿಂತು ಅದೇ ಕಮಾನುಗಳನ್ನು ತೆಗೆದುಕೊಂಡು ಹೋಗುತ್ತಾರೆ. ಹಾಗಾಗಿ ಕಂಡ ವಸ್ತು ಎನ್ನುವುದು ನಿಜ. ಆ ತೀರ್ಪುಗಾರರು ಕೇಳಬೇಕಿದ್ದ ಪ್ರಶ್ನೆ: ಉಳಿದ ಚಿತ್ರಗಳಲ್ಲಿ ಇಲ್ಲದ್ದು ಈ ಚಿತ್ರದಲ್ಲಿ ಏನಿದೆ? ನೀರಿನ ಮಟ್ಟವೇ, ಮೋಡವೇ, ಮೀನು ಹಿಡಿಯುವವರ ತೆಪ್ಪವೇ? ಏನೂ ಇಲ್ಲದಿದ್ದರೆ, "ಕಟ್ಟಡ ಚೆನ್ನಾಗಿ ಬಂದಿದೆ. ಈ ಜಾಗವನ್ನು ಬಹಳ ಜನ ಹೀಗೇ ತೆಗೆದಿದ್ದಾರೆ. ನೀವು ಇಲ್ಲಿಯವರೇ ಆದ್ದರಿಂದ ಮಳೆಗಾಲದಲ್ಲಿ ನೀರು ಬಾಗಿಲಿಗೆ ಬರುವಾಗ ಹೋಗಬಲ್ಲಿರಿ, ಹೊರಗಿನವರಿಗೆ ಅದು ಆಗದು" ಎನ್ನಬಹುದಿತ್ತು. ಅಂಕ ಬಹುಶಃ ನಾಲ್ಕೋ ಐದೋ ಇರುತ್ತಿತ್ತು. ಮನುಷ್ಯ ಮಾತ್ರ ಕ್ಲಬ್ಬಿನಲ್ಲೇ ಇರುತ್ತಿದ್ದರು.

ಅವರನ್ನು ವಾಪಸು ಕರೆತರಲು ಕ್ಷಮೆ ಕೇಳುವ ನಿಯೋಗ ಕಟ್ಟಿಕೊಂಡು ಹೋಗಬೇಡಿ, ಅವರಿಗೂ ಮುಜುಗರ. ಇಷ್ಟು ವರ್ಷದಲ್ಲಿ ಶೆಟ್ಟಿಹಳ್ಳಿಯಲ್ಲಿ ತೆಗೆದದ್ದನ್ನೆಲ್ಲ ಒಂದು ಸಂಜೆ ತೋರಿಸಿ ಅಂತ ಕೇಳಿ. ಸ್ಪರ್ಧೆ ಇಲ್ಲ, ಅಂಕ ಇಲ್ಲ. ಗೋಡೆಗಳು ವರ್ಷ ವರ್ಷ ಕುಸಿಯುತ್ತಿವೆ. ಹತ್ತಿರದಲ್ಲೇ ಇದ್ದು ಹಲವು ಮಳೆಗಾಲ ತೆಗೆದವರ ಬಳಿ ಒಂದು ದಾಖಲೆಯೇ ಇರಬಹುದು.

ಮಾತಾಡುವ ಕಲೆಗೆ ಬಂದರೆ, ಮೊದಲು ಹತ್ತು ಸೆಕೆಂಡ್ ಸುಮ್ಮನೆ ನೋಡಿ. ಸಭೆಗೆ ಅದು ಉದ್ದ ಅನ್ನಿಸುತ್ತದೆ, ಅನ್ನಿಸಲಿ. ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಯಿತು, ಆಮೇಲೆ ಎಲ್ಲಿಗೆ, ಎಲ್ಲಿಂದ ಚಿತ್ರದ ಹೊರಕ್ಕೆ ಜಾರಿತು ಎಂದು ಗಮನಿಸಿ, ಅದನ್ನೇ ಹೇಳಿ. ಇದರಲ್ಲಿ ತಪ್ಪು ಒಪ್ಪು ಇಲ್ಲ, ನಿಮಗೆ ಆದದ್ದನ್ನು ವರದಿ ಮಾಡುತ್ತಿದ್ದೀರಿ. ಯಾರಿಗೂ ನೋವಾಗುವುದಿಲ್ಲ, ಆದರೆ ತೆಗೆದವರಿಗೆ ಇದಕ್ಕಿಂತ ಬೆಲೆಯುಳ್ಳ ಸುದ್ದಿ ಇಲ್ಲ. ಅವರಿಗೆ ತಮ್ಮ ಚಿತ್ರ ಕಾಣುವುದೇ ಇಲ್ಲ. ಬೆಳಗಿನ ನಾಲ್ಕಕ್ಕೆ ಎದ್ದದ್ದು, ಮುಳ್ಳಯ್ಯನಗಿರಿ ಮೆಟ್ಟಿಲು ಹತ್ತಿದ್ದು, ಜಿಗಣೆ ಕಚ್ಚಿಸಿಕೊಂಡದ್ದು ಎಲ್ಲ ಸೇರಿಸಿ ನೋಡುತ್ತಿರುತ್ತಾರೆ.

ಒಂದು ಉದಾಹರಣೆ ತೆಗೆದುಕೊಳ್ಳಿ. ಕಾಫಿ ಹಣ್ಣು ಬಿಡಿಸುವ ಹೆಂಗಸಿನ ಚಿತ್ರ, ನಮ್ಮ ಕಡೆಯ ಸ್ಪರ್ಧೆಗಳಿಗೆ ಡಿಸೆಂಬರ್ ಬಂತೆಂದರೆ ಬಂದೇ ಬರುತ್ತದೆ. ಕೈ, ಕೆಂಪು ಹಣ್ಣು, ಮುಖ ಎಲ್ಲ ಚೆನ್ನಾಗಿದೆ. ಆದರೆ ಹಿಂದೆ ಸಿಲ್ವರ್ ಓಕ್ ಮರಗಳ ನಡುವಿನ ಸಂದಿನಲ್ಲಿ ಆಕಾಶ ಬೆಳ್ಳಗೆ ತೇಪೆ ತೇಪೆಯಾಗಿ ಹೊಳೆಯುತ್ತಿದೆ. ಕಣ್ಣಿಗೆ ಎಲ್ಲಕ್ಕಿಂತ ಬೆಳ್ಳಗಿರುವುದೇ ಮೊದಲು ಕಾಣುವುದರಿಂದ ಮುಖಕ್ಕಿಂತ ಮುಂಚೆ ಆ ತೇಪೆಗಳಿಗೆ ಹೋಗುತ್ತೇವೆ. "ಹಿನ್ನೆಲೆ ಚೆನ್ನಾಗಿಲ್ಲ" ಎಂದರೆ ಅವರಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. "ನನ್ನ ಕಣ್ಣು ಮೊದಲು ಬಲಗಡೆಯ ಬಿಳಿ ತೇಪೆಗೆ ಹೋಯಿತು, ಮುಖಕ್ಕೆ ಬರಲು ಹೊತ್ತು ಹಿಡಿಯಿತು" ಎನ್ನಿ. ಆಮೇಲೆ ಪರಿಹಾರವನ್ನು ಬಿಡಿಸಿ ಹೇಳಿ. ಮೇಜಿನ ಮುಂದೆ ಕೂತು ಆಗುವುದು: ಬಲಗಡೆ ಕತ್ತರಿಸಬಹುದು, ತೇಪೆಗಳನ್ನು ಸ್ವಲ್ಪ ಕಪ್ಪಾಗಿಸಬಹುದು. ತೋಟದಲ್ಲೇ ಆಗಬೇಕಿದ್ದದ್ದು: ಇಳಿಜಾರಿನಲ್ಲಿ ಎರಡು ಸಾಲು ಮೇಲೆ ನಿಂತು ಕೆಳಮುಖವಾಗಿ ತೆಗೆದಿದ್ದರೆ ಹಿಂದೆ ಆಕಾಶದ ಬದಲು ಗಿಡಗಳ ಹಸಿರು ಬರುತ್ತಿತ್ತು. ಕೆಲವಕ್ಕೆ ಬೇರೆ ದಿನವೇ ಬೇಕು, ಅದನ್ನು ಹಾಗೆಯೇ ಹೇಳಿ. ಒಂದು ಚಿತ್ರಕ್ಕೆ ಒಂದೇ ದೊಡ್ಡ ಸಂಗತಿ ಸಾಕು. ಏಳು ತಪ್ಪು ಪಟ್ಟಿ ಮಾಡಿದರೆ ಏಳೂ ಮರೆತುಹೋಗುತ್ತವೆ.

"ನಾನಾಗಿದ್ದರೆ ಸ್ವಲ್ಪ ಎಡಕ್ಕೆ ಹೋಗಿ ತೆಗೀತಿದ್ದೆ" ಎನ್ನುವ ಮಾತನ್ನು ಮಾತ್ರ ಬಿಡಿ. ಎಡಗಡೆ ಪ್ರಪಾತ ಇತ್ತೋ, ಕೆರೆ ಇತ್ತೋ, ಫಾರೆಸ್ಟ್ ಗಾರ್ಡ್ ಇದ್ದರೋ ನಿಮಗೆ ಗೊತ್ತಿಲ್ಲ. "ಚೆನ್ನಾಗಿದೆ, ಆದರೆ" ಎಂಬ ರಾಗವೂ ಬೇಡ. ಮೂರನೇ ಚಿತ್ರದ ಹೊತ್ತಿಗೆ ಸಭೆಯೆಲ್ಲ ಆದರೆಗೇ ಕಾಯುತ್ತಿರುತ್ತದೆ. ನಿಜವಾಗಿಯೂ ದುರ್ಬಲ ಚಿತ್ರ ಬಂದಾಗ ಸುಳ್ಳು ಹೊಗಳಬೇಕಿಲ್ಲ. "ಏನನ್ನು ತೋರಿಸಬೇಕೆಂದು ಇದನ್ನು ತೆಗೆದಿರಿ?" ಎಂದು ಕೇಳಿ. ಉತ್ತರ ಕೇಳಿದ ಮೇಲೆ, ಆ ಉತ್ತರಕ್ಕೂ ಚಿತ್ರಕ್ಕೂ ನಡುವೆ ಎಲ್ಲಿ ತಪ್ಪಿತು ಎಂದು ಇಬ್ಬರೂ ಸೇರಿ ಹುಡುಕಬಹುದು. ಅಂಕ ಆಗಲೇ ಚೀಟಿಯಲ್ಲಿ ಹೋಗಿರುವುದರಿಂದ ಹೆಸರು ಹೊರಬಂದರೂ ತೊಂದರೆಯಿಲ್ಲ.

ಊರಿನವರೇ ತೀರ್ಪುಗಾರರಾಗುವುದರಲ್ಲಿ ಒಂದು ದೊಡ್ಡ ಅನುಕೂಲ ಇದೆ, ಅದನ್ನು ಕೀಳಾಗಿ ಕಾಣಬೇಡಿ. ಮಂಜಿನಲ್ಲಿ ತೆಗೆದ ಬಾಬಾಬುಡನ್‌ಗಿರಿಯ ಚಿತ್ರಕ್ಕೆ ಬಯಲುಸೀಮೆಯಿಂದ ಬಂದ ತೀರ್ಪುಗಾರರು "ಕಾಂಟ್ರಾಸ್ಟ್ ಇಲ್ಲ" ಎಂದು ಅಂಕ ಕಳೆಯುತ್ತಾರೆ. ಮಂಜಿನಲ್ಲಿ ಕಡುಗಪ್ಪು ಇರುವುದೇ ಇಲ್ಲ. ಇದ್ದರೆ ಯಾರೋ ಕಂಪ್ಯೂಟರಿನಲ್ಲಿ ತುಂಬಿದ್ದಾರೆ. ಆದರೆ ಮಂಜು ಕೊಳೆ ನೀರಿನಂತೆ ಬೂದಾಗಿದ್ದರೆ ಅದು ತಪ್ಪೇ. ಕ್ಯಾಮೆರಾದ ಮೀಟರ್ ಬಿಳಿಯನ್ನೆಲ್ಲ ನಡುಬೂದಿಗೆ ಎಳೆಯುತ್ತದೆ, ಎಕ್ಸ್‌ಪೋಶರ್ ಒಂದು ಸ್ಟಾಪ್, ಅಂದರೆ ಬೆಳಕು ಎರಡರಷ್ಟು, ಹೆಚ್ಚಿಸಬೇಕಿತ್ತು. ಈ ಎರಡರ ವ್ಯತ್ಯಾಸ ಗೊತ್ತಿರುವುದು ಇಲ್ಲಿಯ ಮಳೆಗಾಲದಲ್ಲಿ ತೆಗೆದವರಿಗೆ. ಹಾಗೆಯೇ ಪುರಾತತ್ವ ಇಲಾಖೆಯ ದೇವಸ್ಥಾನಗಳಲ್ಲಿ ಅನುಮತಿ ಇಲ್ಲದೆ ಟ್ರೈಪಾಡ್ ಊರುವಂತಿಲ್ಲ. ನವರಂಗದ ಕತ್ತಲಲ್ಲಿ ಕೈಯಲ್ಲೇ ಹಿಡಿದು ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಿ ತೆಗೆದ ಚಿತ್ರದ ಕಾಳು ಕಾಳು ಸೋಮಾರಿತನದ್ದಲ್ಲ.

ಎಡಿಟಿಂಗ್ ಪ್ರಶ್ನೆಗೆ ನಾನು ಹೆಚ್ಚು ಹೊತ್ತು ಕೊಡುವುದಿಲ್ಲ. ಡಾರ್ಕ್‌ರೂಮಿನ ಕಾಲದಿಂದಲೂ ಒಂದು ಕಡೆ ಬೆಳಕು ತಡೆದು, ಇನ್ನೊಂದು ಕಡೆ ಹೆಚ್ಚು ಬಿಟ್ಟು ಪ್ರಿಂಟ್ ಮಾಡುತ್ತಲೇ ಬಂದಿದ್ದೇವೆ. ಎಡಿಟ್ ಮಾಡಿದ್ದೇ ಮೋಸ ಎನ್ನುವುದು ಹುಸಿ ಮಾತು. ಯಾವ ವಿಭಾಗಕ್ಕೆ ಕಳಿಸಿದ್ದಾರೆ ಎನ್ನುವುದರ ಮೇಲೆ ಎಲ್ಲ ನಿಂತಿದೆ. ಮುಕ್ತ ವಿಭಾಗದಲ್ಲಿ ನಿಮ್ಮ ಕ್ಲಬ್ ಒಪ್ಪಿದಷ್ಟು ಸ್ವಾತಂತ್ರ್ಯ ಇರಲಿ. ನಿಸರ್ಗ ವಿಭಾಗಕ್ಕೆ ಮಾತ್ರ ಗಡಿ ಸ್ಪಷ್ಟ. ಛಾಯಾಗ್ರಹಣದ ಅಂತರರಾಷ್ಟ್ರೀಯ ಒಕ್ಕೂಟ ಫಿಯಾಪ್, ಅಮೆರಿಕದ ಫೋಟೋಗ್ರಾಫಿಕ್ ಸೊಸೈಟಿ (ಪಿಎಸ್ಎ), ಬ್ರಿಟನ್ನಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿ ಮೂರೂ 2014ರಲ್ಲಿ ಒಂದೇ ವ್ಯಾಖ್ಯಾನ ಒಪ್ಪಿಕೊಂಡವು. ಅದರ ಪ್ರಕಾರ ಕ್ರಾಪ್ ಮಾಡಬಹುದು, ಬೆಳಕು ಬಣ್ಣ ಸಹಜವಾಗಿ ಕಾಣುವಷ್ಟು ಸರಿಪಡಿಸಬಹುದು. ಏನನ್ನೂ ಸೇರಿಸುವಂತಿಲ್ಲ, ತೆಗೆಯುವಂತಿಲ್ಲ, ಜಾಗ ಬದಲಿಸುವಂತಿಲ್ಲ. ಅಡ್ಡ ಬಂದ ಕಡ್ಡಿಯನ್ನು ಅಳಿಸಿದರೂ ಚಿತ್ರ ಹೊರಗೆ. ಚಂದಕ್ಕಿಂತ ಚಿತ್ರ ಹೇಳುವ ಕಥೆಗೆ ಹೆಚ್ಚು ತೂಕ ಕೊಡಬೇಕು ಎಂಬುದೂ ಅದರಲ್ಲೇ ಇದೆ, ಇದನ್ನು ಬಹಳ ಕ್ಲಬ್ಬುಗಳು ಮರೆತಿವೆ. ಮೂಡಿಗೆರೆಯಲ್ಲಿ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಹಿಂದೆ ಕ್ಯಾಮೆರಾ ಹಿಡಿದು ಅಲೆಯುತ್ತಿದ್ದ ಕಾಲದಲ್ಲಿ ಒಂದು ರೋಲಿಗೆ 36 ಚಿತ್ರ. ಈಗಿನ ಕ್ಯಾಮೆರಾಗಳು ಸೆಕೆಂಡಿಗೆ 20 ತೆಗೆದು, ಕಣ್ಣನ್ನು ತಾವೇ ಹುಡುಕಿ ಫೋಕಸ್ ಮಾಡುತ್ತವೆ. ಕಡ್ಡಿಯ ಮೇಲೆ ಸ್ಪಷ್ಟವಾಗಿ ಕೂತ ಹಕ್ಕಿ ಅಂದು ಸಾಧನೆ, ಇಂದು ಆರಂಭ.

ಹೊಂದಿಸಿ ತೆಗೆದ ಚಿತ್ರಗಳನ್ನು ಹಿಡಿಯುವುದು ನಿಮ್ಮೊಬ್ಬರಿಂದ ಆಗದು, ಆ ಹೊರೆ ಹೊರಬೇಡಿ. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವನ್ಯಜೀವಿ ಸ್ಪರ್ಧೆಯಲ್ಲೇ, 2009ರಲ್ಲಿ ಗೆದ್ದ ಬೇಲಿ ಹಾರುವ ತೋಳ ಸಾಕಿ ಪಳಗಿಸಿದ್ದಿರಬೇಕೆಂದು 2010ರಲ್ಲಿ ಪ್ರಶಸ್ತಿ ವಾಪಸಾಯಿತು. 2018ರಲ್ಲಿ ಬಹುಮಾನಿತ ಚಿತ್ರವೊಂದರ ಇರುವೆಬಾಕ ಸತ್ತು ಹೊಟ್ಟು ತುಂಬಿದ್ದೆಂದು ತೀರ್ಮಾನಿಸಿ ಅನರ್ಹಗೊಳಿಸಿದರು. ಎರಡು ಸಲವೂ ತೀರ್ಪುಗಾರರ ಕಣ್ಣು ಮೋಸ ಹೋಯಿತು, ಆಮೇಲೆ ನಡೆದ ವಿಚಾರಣೆ ಹಿಡಿಯಿತು. ಹೀಗಾಗಿ ನಿಮಗೆ ಬೇಕಾದದ್ದು ನಿಯಮ. ಮೇಲಿನ ಹತ್ತು ಚಿತ್ರಗಳ ರಾ ಫೈಲನ್ನು (ಕ್ಯಾಮೆರಾ ತಿದ್ದದೆ ಉಳಿಸಿದ ಫೈಲು), ಮೊಬೈಲಾದರೆ ಮೂಲ ಫೈಲನ್ನು, ಫಲಿತಾಂಶಕ್ಕೆ ಮುಂಚೆ ಕಾರ್ಯದರ್ಶಿಗೆ ತೋರಿಸಬೇಕು ಎಂದು ಪ್ರವೇಶಪತ್ರದಲ್ಲೇ ಹಾಕಿ. ಎಐನಿಂದ ಮಾಡಿದ ಚಿತ್ರಗಳಿಗೂ ಸದ್ಯಕ್ಕೆ ಇದೇ ಜರಡಿ. 2023ರ ಸೋನಿ ವಿಶ್ವ ಪ್ರಶಸ್ತಿಯಲ್ಲಿ ಎಐ ಚಿತ್ರವೇ ಒಂದು ವಿಭಾಗ ಗೆದ್ದು, ಕಳಿಸಿದವರೇ ಅದನ್ನು ನಿರಾಕರಿಸಿದ ಮೇಲೆ, ಬರಿಗಣ್ಣಿಗೆ ತಿಳಿಯುತ್ತದೆ ಎಂಬ ಜಂಬ ಯಾರಿಗೂ ಬೇಡ.

ಅನುಮಾನ ಬರಬೇಕಾದ ಕೆಲವು ಗುರುತುಗಳಿವೆ. ಮಳೆಗಾಲದ ರಾತ್ರಿ ಬಿಸಿಲೆ ಕಡೆ ತೆಗೆದ ಕಪ್ಪೆ ಅಣಬೆಯ ಮೇಲೆ ಹೇಳಿ ಕೂರಿಸಿದ ಹಾಗೆ ಕೂತಿರುವುದು, ಒಂದೇ ಹೂವಿನ ಮೇಲೆ ಬಸವನ ಹುಳುವೂ ಮಿಡತೆಯೂ ಜೊತೆಯಾಗಿರುವುದು, ಐದಾರು ಜಾತಿಯ ಹಕ್ಕಿಗಳು ಒಂದೇ ಪಾಚಿಗಟ್ಟಿದ ಕೊಂಬೆಗೆ ಬಂದಿರುವುದು. ಅನುಮಾನವನ್ನು ಸಭೆಯಲ್ಲಿ ಆಡಬೇಡಿ, ಕಾರ್ಯದರ್ಶಿ ಕಿವಿಗೆ ಹಾಕಿ. ಗೂಡಿನ ಚಿತ್ರಗಳನ್ನು ಸ್ವೀಕರಿಸುವುದೇ ಇಲ್ಲ ಎಂದು ನಿಯಮ ಮಾಡಿದರೆ ತಾಯಿ ಹಕ್ಕಿ ಗೂಡು ಬಿಟ್ಟು ಹೋಗುವಂಥ ಅನಾಹುತಕ್ಕೆ ನಿಮ್ಮ ಬಹುಮಾನ ಕಾರಣವಾಗುವುದಿಲ್ಲ. ಮಂಜರಾಬಾದ್ ಕೋಟೆಯ ಎಂಟು ಮೂಲೆಯ ನಕ್ಷತ್ರ ಮೇಲಿನಿಂದ ಮಾತ್ರ ಪೂರ್ತಿ ಕಾಣುವುದರಿಂದ ಡ್ರೋನ್ ಚಿತ್ರಗಳೂ ಬರುತ್ತವೆ. ಹಾರಿಸಲು ಅನುಮತಿ ಇತ್ತೇ ಎಂದು ಪ್ರವೇಶಪತ್ರದಲ್ಲಿ ಒಂದು ಸಾಲು ಕೇಳಿ.

ಯಾರನ್ನು ಕೂರಿಸುವುದು ಎಂಬುದಕ್ಕೆ ನಿಮ್ಮ ಮುಂದೆ ಮೂರ್ನಾಲ್ಕು ದಾರಿ ಇವೆ, ಯಾವುದೂ ನಿರಪಾಯವಲ್ಲ. ನೀವೊಬ್ಬರೇ ಕೂತರೆ ಖರ್ಚಿಲ್ಲ, ಆದರೆ ಆರು ತಿಂಗಳಲ್ಲಿ ಎಲ್ಲರೂ ನಿಮಗೆ ಇಷ್ಟವಾಗುವಂಥ ಚಿತ್ರ ತೆಗೆಯಲು ಶುರು ಮಾಡುತ್ತಾರೆ, ಕ್ಲಬ್ಬಿನ ಚಿತ್ರಗಳೆಲ್ಲ ಒಂದೇ ಅಚ್ಚಿನವಾಗುತ್ತವೆ. ಹೊರಗಿನವರೇ ಬಂದರೆ ಯಾರ ಮುಲಾಜೂ ಇಲ್ಲ, ಆದರೆ ನಿಮ್ಮ ಹಿಂದಿನ ಅನುಭವದಂತೆ ಹೇಳಿ ಹೊರಟು ಹೋಗುತ್ತಾರೆ, ಕಸ ಗುಡಿಸುವುದು ನೀವು. ಸದಸ್ಯರೇ ಮತ ಹಾಕಿದರೆ ಸಂಭ್ರಮ ಹೆಚ್ಚು, ಸೂರ್ಯಾಸ್ತಮಾನಗಳೂ ಮಕ್ಕಳ ನಗುವೂ ಪ್ರತಿ ಸಲ ಗೆಲ್ಲುತ್ತವೆ. ಕೆಲವು ಕ್ಲಬ್ಬುಗಳು ಅಂಕ ಪೂರ್ತಿ ಬಿಟ್ಟು ಬರೀ ವಿಮರ್ಶೆ ಇಟ್ಟುಕೊಂಡಿವೆ. ಕಲಿಕೆಗೆ ಅದೇ ಉತ್ತಮ, ಆದರೆ ಬಹುಮಾನದ ಆಸೆ ಇಲ್ಲದೆ ಕಾಲೇಜು ಹುಡುಗರು ಸಂಜೆ ಏಳಕ್ಕೆ ಬರುವುದು ಕಡಿಮೆ. ನಾನಾದರೆ ಮೂವರನ್ನು ಕೂರಿಸುತ್ತೇನೆ: ನಿಮ್ಮಲ್ಲೇ ಒಬ್ಬರು, ಚಿಕ್ಕಮಗಳೂರೋ ಮೈಸೂರೋ ಕಡೆಯಿಂದ ಒಬ್ಬರು, ಮತ್ತು ಕ್ಯಾಮೆರಾ ಮುಟ್ಟದ ಒಬ್ಬ ಡ್ರಾಯಿಂಗ್ ಮೇಷ್ಟ್ರು. ಆ ಮೂರನೆಯವರು ಲೆನ್ಸ್ ಯಾವುದು ಎಂದು ಕೇಳುವುದಿಲ್ಲ, ಚಿತ್ರವನ್ನಷ್ಟೇ ನೋಡುತ್ತಾರೆ. ನಿಮ್ಮ ಸ್ಥಾನ ಪ್ರತಿ ತಿಂಗಳು ಬೇರೆ ಸದಸ್ಯರಿಗೆ ಹೋಗಲಿ. ಒಮ್ಮೆ ಆ ಕುರ್ಚಿಯಲ್ಲಿ ಕೂತವರು ತೀರ್ಪಿನ ಬಗ್ಗೆ ಗೊಣಗುವುದು ಅರ್ಧಕ್ಕರ್ಧ ಇಳಿಯುತ್ತದೆ.

ನೀವು ಕೂರುವ ತಿಂಗಳು ನಿಮ್ಮ ಚಿತ್ರ ಸ್ಪರ್ಧೆಗೆ ಬೇಡ. ಮನೆಯವರದ್ದೋ, ನಿಮ್ಮ ಜೊತೆಯಲ್ಲೇ ಹೋಗಿ ತೆಗೆದವರದ್ದೋ ಚಿತ್ರ ಬಂದು ನಿಮಗೆ ಗುರುತು ಸಿಕ್ಕರೆ ಚೀಟಿಯಲ್ಲಿ ಅಂಕದ ಬದಲು ಅಡ್ಡಗೆರೆ ಹಾಕಿ. ಉಳಿದಿಬ್ಬರ ಸರಾಸರಿಯನ್ನೇ ಮೂರನೆಯದಾಗಿ ಹಿಡಿಯಲು ಕಾರ್ಯದರ್ಶಿಗೆ ಮೊದಲೇ ಹೇಳಿಡಿ.